ಭಾನುವಾರದ ಮಾತುಕತೆ: ಸಾವಿರ ಪೌಂಡಿನ ಆಲ್ಫ್ ಕಾಮನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ನಮ್ಮ ಫುಟ್‌ಬಾಲ್ ಇತಿಹಾಸದ ಆನ್‌ಲೈನ್ ಮಾತುಕತೆ. ಈ ಸಲ ಇಂಗ್ಲೆಂಡಿನ ಹಳೇ ಕಾಲದ ಫುಟ್‌ಬಾಲ್ ಆಟಗಾರ ಆಲ್ಫ್ ಕಾಮನ್ ಬಗ್ಗೆ.

1905ರ ಫೆಬ್ರವರಿಯಲ್ಲಿ ಮಿಡಲ್ಸ್‌ಬರೊ ಕ್ಲಬ್ ಇವರನ್ನು ಸಂಡರ್‌ಲ್ಯಾಂಡ್‌ನಿಂದ 1,000 ಪೌಂಡ್ ಕೊಟ್ಟು ಕೊಂಡಿತು. ಅಷ್ಟು ದುಡ್ಡಿಗೆ ಅದುವರೆಗೆ ಯಾವ ಆಟಗಾರನೂ ಕ್ಲಬ್ ಬದಲಿಸಿರಲಿಲ್ಲ. ಮಿಡಲ್ಸ್‌ಬರೊ ತಂಡ ಆಗ ಕೆಳಗಿನ ಡಿವಿಷನ್‌ಗೆ ಜಾರುವ ಭಯದಲ್ಲಿತ್ತು. ಮೊದಲ ಪಂದ್ಯ ಅವರ ಹಳೇ ಕ್ಲಬ್ ಶೆಫೀಲ್ಡ್ ಯುನೈಟೆಡ್ ಮೇಲೆ, ಅದೂ ಶೆಫೀಲ್ಡ್‌ನವರದೇ ಮೈದಾನದಲ್ಲಿ. ಪೆನಾಲ್ಟಿಯಲ್ಲಿ ಕಾಮನ್ ಹೊಡೆದ ಒಂದೇ ಗೋಲಿನಿಂದ ಗೆಲುವು! ತಂಡ ಕೊನೆಗೂ ಡಿವಿಷನ್ ಉಳಿಸಿಕೊಂಡಿತು. ಆಮೇಲೆ ಕಾಮನ್ ವುಲ್ವಿಚ್ ಆರ್ಸೆನಲ್, ಪ್ರೆಸ್ಟನ್ ಕ್ಲಬ್‌ಗಳಿಗೆ ಆಡಿದರು.

ನನ್ನನ್ನು ಜಾಸ್ತಿ ಕಾಡುವುದು ದುಡ್ಡಿನ ಲೆಕ್ಕ. ಆಗ ಲೀಗ್ ಆಟಗಾರನ ಸಂಬಳಕ್ಕೆ ವಾರಕ್ಕೆ 4 ಪೌಂಡ್ ಮಿತಿ. ಸಾವಿರ ಹೋಗಿದ್ದು ಕ್ಲಬ್ಬಿಗೆ. ಇದು ಅನ್ಯಾಯ ಅಲ್ವಾ? ಇದರ ಬಗ್ಗೆ ಚೆನ್ನಾಗಿ ಮಾತಾಡೋಣ.

ಲಿಂಕ್ ಶನಿವಾರ ಹಾಕುತ್ತೇನೆ. 5 ನಿಮಿಷ ಮೊದಲೇ ಸೇರಿಕೊಳ್ಳಿ, ಮೈಕ್ ಆಫ್ ಇರಲಿ. 1902ರ ಎಫ್‌.ಎ. ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಫೈನಲ್‌ನಲ್ಲೂ ಕಾಮನ್ ಗೋಲು ಹೊಡೆದಿದ್ದರು. ಆ ಭಾಗ ಹೇಳಲು ಒಬ್ಬರು ಬೇಕು, ಹೊಸಬರಾದರೆ ಇನ್ನೂ ಖುಷಿ. ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಹಾಕಿ, ದಯವಿಟ್ಟು.