ಪ್ರೆಜಿಯೋಸಿಯ ಕಥೆ ಬರೆದವನಿಗೆ

ಪ್ರೀತಿಯ ತಮ್ಮಾ,

‘ಬರೆಯುವುದನ್ನೇ ಬಿಟ್ಟುಬಿಡಲೇ’ ಎಂದು ಕೇಳಿದ್ದೀಯ. ಬಿಡಬೇಡ. ನಿನ್ನ ಸಂಭಾಷಣೆಗೆ ಜೀವವಿದೆ. ಕಾಗುಣಿತ, ಪ್ಯಾರಾಗಳ ವಿಚಾರ ಎತ್ತುವುದಿಲ್ಲ, ಅವನ್ನು ನೀನೇ ತಿದ್ದಿಕೊಳ್ಳುತ್ತೀಯ.

ಆದರೆ ನಿನ್ನ ಕಥೆಯಲ್ಲಿ ಇಸ್ತಾಂಬುಲ್‌ನ ಪೇರಾ ಬಡಾವಣೆಯಲ್ಲಿ ಕೂತ ಚಿತ್ರಕಾರ ಅಮಡೆಯೊ ಪ್ರೆಜಿಯೋಸಿ ಬಜಾರಿನ ತೈಲವರ್ಣವನ್ನು ಒಂದೇ ಮಧ್ಯಾಹ್ನ ಮುಗಿಸಿ, ಮರುದಿನ ಹಡಗು ಹತ್ತುವ ಇಂಗ್ಲಿಷ್ ಪ್ರವಾಸಿಯ ಕೈಗಿಡುತ್ತಾನಲ್ಲ, ಅಲ್ಲಿ ಓದು ನಿಲ್ಲಿಸಿದೆ. ಆಗದ ಮಾತು. ತೈಲವರ್ಣದ ತೆಳು ಪದರ ಕೈಗಂಟದಷ್ಟು ಒಣಗಲು ದಿನಗಳು ಬೇಕು, ದಪ್ಪ ಬಿಳಿ ಇದ್ದಲ್ಲಿ ವಾರಗಳು, ವಾರ್ನಿಶ್ ಬಳಿಯುವ ಮುಂಚೆ ತಿಂಗಳುಗಳು. ಹಸಿಯಾಗಿ ಪೆಟ್ಟಿಗೆಗೆ ಸೇರಿಸಿದರೆ ಬಣ್ಣ ಅಂಟಿ ಕಿತ್ತುಬರುತ್ತದೆ. ಅವನು ಮಾರಿದ್ದು ಬಹುಪಾಲು ಜಲವರ್ಣ: ಮೊದಲು ಪೆನ್ಸಿಲ್ ರೇಖೆ, ಮೇಲೆ ತೆಳು ಬಣ್ಣ, ಕೊನೆಗೆ ಬಟ್ಟೆಯ ಹೊಳಪಿಗೆ ದಪ್ಪ ಬಿಳಿ. ಪದರ ಒಣಗುವ ಮುಂಚೆ ಮೇಲೆ ಇನ್ನೊಂದು ಎಳೆದರೆ ಬಣ್ಣ ಕದಡಿ ಅಂಚಿನಲ್ಲಿ ಕರೆ ಕಟ್ಟುತ್ತದೆ. ಆದರೂ ಸಂಜೆಯೊಳಗೆ ಒಣಗಿ, ಪುಸ್ತಕದ ಹಾಳೆಗಳ ನಡುವೆ ಕೂರುವ ಚಿತ್ರ ಅದೇ.

ಹಡಗು ಹೊರಡುವ ದಿನವೇ ಚಿತ್ರದ ಅಳತೆ, ಮಾಧ್ಯಮ ಎರಡನ್ನೂ ಒತ್ತಾಯಿಸುತ್ತಿತ್ತು. ನೀನು ಅದನ್ನು ನೋಡದೆ ‘ಕಲೆ ಮಾರಿಕೊಂಡವ’ ಎಂದು ಬೈಯಲು ಓಡಿದೆ. ಈ ಬೈಗುಳ ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮಾಲ್ಟಾದ ಕೌಂಟ್ ಮನೆತನದವನು, ವಕೀಲನಾಗಲೆಂಬ ಅಪ್ಪನ ಆಸೆ ಬಿಟ್ಟು 1842ರಲ್ಲಿ ಇಸ್ತಾಂಬುಲ್‌ಗೆ ಬಂದು, 1882ರಲ್ಲಿ ಸಾಯುವ ತನಕ ಆ ಊರನ್ನೇ ನೆಚ್ಚಿದವನು. ಕಾಫಿ ಅಂಗಡಿ, ಬಜಾರು, ಬೀದಿಯ ಜನ, ಇವೇ ವಿಷಯಗಳು ಮತ್ತೆ ಮತ್ತೆ. ಒಂದೇ ವಿಷಯದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡು: ಯಾರು ಜಾಗ ಬದಲಿಸಿದ್ದಾರೆ, ಎಲ್ಲಿ ಕೈ ಅವಸರಪಟ್ಟಿದೆ, ಎಲ್ಲಿ ಯಾರೂ ಕೇಳದಿದ್ದರೂ ನಿಂತು ದುಡಿದಿದೆ. ಆಮೇಲೆ ಬೇಕಾದರೆ ಬೈ.

ಅವನ ಚಿತ್ರಗಳ 1858ರ ಕಲ್ಲಚ್ಚಿನ (ಲಿಥೋಗ್ರಾಫ್) ಸಂಪುಟವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ! ಪ್ಯಾರಿಸ್ಸಿನ ಲೆಮರ್ಸಿಯೆ ಮುದ್ರಣಾಲಯದಲ್ಲಿ ಅಚ್ಚಾದದ್ದು. ಬಣ್ಣದ ಕಲ್ಲಚ್ಚಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಲ್ಲಿನ ಮೇಲೆ ನೇರವಾಗಿ ಬರೆದರೆ ಎಡಬಲ ತಿರುಗಿಸಿ ಬರೆಯಬೇಕು, ಇಲ್ಲವಾದರೆ ಎಡಗಡೆಯ ಮಿನಾರು ಬಲಕ್ಕೆ ಹೋಗುತ್ತದೆ. ಅಚ್ಚಿನ ನಡುವೆ ಕಾಗದ ತೇವಕ್ಕೆ ಹಿಗ್ಗಿದರೆ ಕೆಂಪು ಬಣ್ಣ ಪೇಟದ ಗೆರೆ ದಾಟುತ್ತದೆ. ಒಂದು ಜಲವರ್ಣ ಒಬ್ಬನ ಪೆಟ್ಟಿಗೆ ಸೇರಿದರೆ, ಈ ಸಂಪುಟ ಆ ಊರನ್ನೇ ಕಾಣದವರ ಮೇಜಿಗೂ ಹೋಯಿತು. ಇದಕ್ಕೆ ಕನಿಷ್ಠ ಎರಡು ಪುಟ ಕೊಡು.

ಬೈಗುಳದ ಕೊನೆಯ ಭಾಗ ಕಿತ್ತುಹಾಕು. ಗೆಳೆಯರು ಅದನ್ನೇ ಹೊಗಳಿದರೆಂದು ಉಳಿಸಿಕೊಳ್ಳಬೇಡ. ಸಂಭಾಷಣೆ ಮುಟ್ಟಬೇಡ. ತಿದ್ದಿದ ಪ್ರತಿಯನ್ನು ನನಗೇ ಮೊದಲು ಕಳಿಸು.

ನಿನ್ನ ಅಣ್ಣ