ಎರಾಪ್ ಕಥೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಜನ ಎರಾಪ್ ಅಂತ ಕರೆಯುವ ಜೋಸೆಫ್ ಎಸ್ಟ್ರಾಡಾ ಬಗ್ಗೆ ನೀನು ಬರೆದ ಮೊದಲ ಮೂರು ಅಧ್ಯಾಯ ಓದಿ ಮುಗಿಸಿದೆ. ಫಿಲಿಪೀನ್ಸ್‌ನ ಒಬ್ಬ ಸಿನಿಮಾ ನಟ, ಆಮೇಲೆ ಆ ದೇಶದ ಅಧ್ಯಕ್ಷನಾದವನು. ಅವನ ಬದುಕನ್ನು ಕನ್ನಡದಲ್ಲಿ ಹೇಳಬೇಕು ಅಂತ ಹೊರಟಿದ್ದೀಯಲ್ಲ, ಅದೇ ನನಗೆ ಖುಷಿ. ನಿನ್ನ ಗದ್ಯ ಚೆನ್ನಾಗಿ ಓಡುತ್ತದೆ. ಆ ಬಗ್ಗೆ ಹೇಳುವುದು ಏನೂ ಇಲ್ಲ.

ಆದರೆ ಒಂದು ಮಾತು ನಿನ್ನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ತೆರೆಯ ಮೇಲಿನ ನಾಯಕನಿಗೆ ಮರುಳಾದ ಜನ ಅವನನ್ನು ಗೆಲ್ಲಿಸಿಬಿಟ್ಟರು ಅನ್ನುವ ಮಾತು. ಅದನ್ನು ಹೊಡೆದುಹಾಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. 1998ರ ಮೇ ತಿಂಗಳಲ್ಲಿ ಎಸ್ಟ್ರಾಡಾಗೆ ವೋಟು ಹಾಕಿದವರು 1 ಕೋಟಿ 7 ಲಕ್ಷಕ್ಕೂ ಜಾಸ್ತಿ ಜನ. ಒಟ್ಟು ಮತದಲ್ಲಿ ಹೆಚ್ಚುಕಡಿಮೆ ಶೇಕಡಾ 40. ಎರಡನೇ ಸ್ಥಾನದಲ್ಲಿದ್ದವನಿಗೆ ಶೇಕಡಾ 16 ಕೂಡ ಬರಲಿಲ್ಲ. ಇಷ್ಟು ಜನರನ್ನು ಒಂದೇ ಸಾಲಿನಲ್ಲಿ ದಡ್ಡರು ಅಂದುಬಿಟ್ಟರೆ ನಿನ್ನ ಪುಸ್ತಕದಲ್ಲಿ ಇನ್ನೇನು ಉಳಿಯುತ್ತದೆ? ಒಬ್ಬ ನಟ, ಅವನ ಹಗರಣ, ಅಷ್ಟೇ. ಅದನ್ನು ಓದೋಕೆ ಪುಸ್ತಕ ಯಾಕೆ ಬೇಕು, ಹಳೇ ಪತ್ರಿಕೆ ಸಾಕು.

ಮೊದಲು ಕಾಲದ ಲೆಕ್ಕ ಸರಿ ಮಾಡಿಕೋ. ನಿನ್ನ ಎರಡನೇ ಅಧ್ಯಾಯ ಸ್ಟುಡಿಯೋದಲ್ಲಿ ಮುಗಿಯುತ್ತದೆ. ಮೂರನೆಯದು ಅಧ್ಯಕ್ಷರು ಇರುವ ಮಲಕನ್ಯಾಂಗ್ ಅರಮನೆಯಲ್ಲಿ ಶುರುವಾಗುತ್ತದೆ. ನಡುವೆ ಸುಮಾರು ಮೂವತ್ತು ವರ್ಷ ಕಾಣೆಯಾಗಿದೆಯಲ್ಲ! ಎಸ್ಟ್ರಾಡಾ 1969ರಲ್ಲಿ ಮನಿಲಾದ ಪಕ್ಕದ ಸ್ಯಾನ್ ಹುವಾನ್‌ಗೆ ಮೇಯರ್ ಆದ. ಅದೂ ಸುಲಭವಾಗಿ ಸಿಕ್ಕಿದ್ದಲ್ಲ. 1967ರ ಫಲಿತಾಂಶವನ್ನು ಪ್ರಶ್ನಿಸಿ, ಹೋರಾಡಿ ಪಡೆದ ಕುರ್ಚಿ. 1986ರವರೆಗೆ ಅಲ್ಲೇ ಇದ್ದ. ರಸ್ತೆ ಹಾಕಿಸಿದ, ಊರಿಗೊಂದು ಸರಕಾರಿ ಹೈಸ್ಕೂಲು ತಂದ, ಮಾರುಕಟ್ಟೆ ಕಟ್ಟಿಸಿದ. ಅಧ್ಯಕ್ಷ ಮಾರ್ಕೋಸ್‌ನ ಸರ್ವಾಧಿಕಾರ ಬಿದ್ದಾಗ ಹೊಸದಾಗಿ ಬಂದ ಕೋರಿ ಅಕ್ವಿನೊ ಸರಕಾರ ಊರೂರಿನ ಮೇಯರ್‌ಗಳನ್ನು ತೆಗೆದುಹಾಕಿತು. ಇವನೂ ಹೋದ. ಮರುವರ್ಷವೇ ವಿರೋಧ ಪಕ್ಷದಿಂದ ನಿಂತು ಸೆನೆಟ್‌ಗೆ ಗೆದ್ದ. ಆ ಪಕ್ಷದಿಂದ ಗೆದ್ದವರು ಇಬ್ಬರೇ, ಅದರಲ್ಲಿ ಇವನೊಬ್ಬ. 1991ರ ಸೆಪ್ಟೆಂಬರ್ 16ರಂದು ಅಮೆರಿಕದ ಸೇನಾ ನೆಲೆಗಳ ಒಪ್ಪಂದವನ್ನು ತಿರಸ್ಕರಿಸಿದ ಹನ್ನೆರಡು ಸೆನೆಟರ್‌ಗಳಲ್ಲೂ ಇವನಿದ್ದ. 1992ರಿಂದ 98ರವರೆಗೆ ಉಪಾಧ್ಯಕ್ಷ. ಹೀಗೆ ಮೆಟ್ಟಿಲು ಹತ್ತಿ ಬಂದವನನ್ನು ತೆರೆಯಿಂದ ಸೀದಾ ಅರಮನೆಗೆ ಜಿಗಿಸಬೇಡ. ವೋಟು ಹಾಕಿದವರು ಈ ಮೂವತ್ತು ವರ್ಷವನ್ನೂ ನೋಡಿದ್ದರು.

ಇನ್ನೊಂದು ವಿಷಯ ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನನ್ನ ಪ್ರಕಾರ ಅದು ಎರಡು ಪುಟಕ್ಕೆ ಆಗುವಷ್ಟಿದೆ. 1974ರಲ್ಲಿ ಎಸ್ಟ್ರಾಡಾ ಸಿನಿಮಾ ಕಾರ್ಮಿಕರಿಗಾಗಿ ಮೊವೆಲ್‌ಫಂಡ್ ಅನ್ನುವ ಸಂಸ್ಥೆ ಕಟ್ಟಿದ. ಅದು ನಟರಿಗೆ ಮಾತ್ರ ಅಲ್ಲ. ಸ್ಟಂಟ್ ಮಾಡುವವರು, ಲೈಟ್ ಹೊರುವವರು, ಸಣ್ಣಪುಟ್ಟ ಪಾತ್ರದವರು, ಇವರಿಗೆಲ್ಲ ಕಾಯಿಲೆ ಬಿದ್ದರೆ, ಪೆಟ್ಟಾದರೆ ನೆರವಾಗುವ ಸಂಸ್ಥೆ. ಮೇಯರ್ ಆಗಿದ್ದಾಗಲೂ ನಟಿಸುತ್ತಲೇ ಇದ್ದ ಮನುಷ್ಯ ಮಾಡಿದ ಕೆಲಸ ಇದು. ಅವನ ಮೇಲೆ ಜನ ಇಟ್ಟ ನಂಬಿಕೆಗೆ ಇಂಥ ಕಾರಣಗಳೂ ಇದ್ದವು.

ಹಾಗಂತ ಅವನನ್ನು ಗುಡಿಸಲಿನಿಂದ ಬಂದವನು ಅಂತ ಬರೆಯಬೇಡ. ನಿನ್ನ ಮೊದಲ ಅಧ್ಯಾಯ ಹಾಗೆ ಅನಿಸುವಂತಿದೆ. 1937ರ ಏಪ್ರಿಲ್ 19ರಂದು ಹುಟ್ಟಿದ್ದು ಮನಿಲಾದ ಟೊಂಡೊದಲ್ಲಿ, ನಿಜ. ಟೊಂಡೊ ಅಂದರೆ ಬಡವರ ಕೇರಿ, ಅದೂ ನಿಜ. ಆದರೆ ಅಪ್ಪ ಸರಕಾರಿ ಇಂಜಿನಿಯರ್. ಹತ್ತು ಮಕ್ಕಳ ದೊಡ್ಡ ಸಂಸಾರ, ಆದರೂ ಅನುಕೂಲಸ್ಥರು. ಹುಡುಗನನ್ನು ಅಟೆನಿಯೊ ಅನ್ನುವ ಪ್ರತಿಷ್ಠಿತ ಶಾಲೆಗೆ ಹಾಕಿದ್ದರು. ಅಲ್ಲಿಂದ ಹೊರಹಾಕಿಸಿಕೊಂಡ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟ. ಸಿನಿಮಾ ಸೇರುವುದು ಮನೆಯವರಿಗೆ ಇಷ್ಟ ಇರಲಿಲ್ಲ. ಹಾಗಾಗಿ ಎಹೆರ್ಸಿಟೊ ಅನ್ನುವ ಮನೆತನದ ಹೆಸರು ಬಿಟ್ಟು ಎಸ್ಟ್ರಾಡಾ ಆದ. 1961ರಲ್ಲಿ ಟೊಂಡೊದ ಒಬ್ಬ ನಿಜವಾದ ರೌಡಿಯ ಪಾತ್ರ ಮಾಡಿ ಹೆಸರು ಗಳಿಸಿದ. ಆಮೇಲೆ ಬೀದಿಹುಡುಗ, ಹಮಾಲಿ, ಅನ್ಯಾಯಕ್ಕೆ ತಿರುಗಿ ಬೀಳುವ ಬಡವ, ಹೀಗೆ ನೂರಕ್ಕೂ ಹೆಚ್ಚು ಚಿತ್ರ. ಬಡವನಾಗಿ ಹುಟ್ಟಿದವನಲ್ಲ, ಬಡವನಾಗಿ ನಟಿಸಿದವನು. ಟೊಂಡೊದವರಿಗೆ ಇದು ಗೊತ್ತಿರಲಿಲ್ಲ ಅಂದುಕೊಂಡೆಯಾ? ಗೊತ್ತಿತ್ತು. ಅನುಕೂಲಸ್ಥರ ಮನೆಯ ಹುಡುಗ ತಮ್ಮ ಹಾಗೆ ಮಾತಾಡುತ್ತಾನೆ, ತಮ್ಮ ಜೊತೆ ಕೂತು ಕೈಯಲ್ಲೇ ಊಟ ಮಾಡುತ್ತಾನೆ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು.

ಅವನ ಇಂಗ್ಲಿಷ್ ಬಗ್ಗೆ ನೀನು ಬರೆದ ಪುಟ ನಗು ತರಿಸುತ್ತದೆ. ಆದರೆ ನೀನು ನಿಂತಿರುವ ಜಾಗ ಸರಿಯಿಲ್ಲ. ಮನಿಲಾದ ಓದಿದ ಜನ ಅವನ ತಪ್ಪು ಇಂಗ್ಲಿಷನ್ನು ಜೋಕು ಮಾಡಿಕೊಂಡು ನಕ್ಕರು. 90ರ ದಶಕದಲ್ಲಿ ಆ ಜೋಕುಗಳದೇ ಒಂದು ಪುಸ್ತಕ ಬಂತು. ಎಸ್ಟ್ರಾಡಾ ಅದಕ್ಕೆ ಸಿಟ್ಟಾಗಲಿಲ್ಲ, ನಗುತ್ತಲೇ ಒಪ್ಪಿಕೊಂಡ. ಇಂಗ್ಲಿಷ್ ಬಾರದ್ದಕ್ಕೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ತಲೆತಗ್ಗಿಸಿದವರು ಆ ದೇಶದಲ್ಲಿ ಲಕ್ಷಗಟ್ಟಲೆ ಇದ್ದರು. ಇವನನ್ನು ನೋಡಿ ನಕ್ಕ ಬಾಯಿಗಳೇ ತಮ್ಮನ್ನು ನೋಡಿಯೂ ನಕ್ಕಿವೆ ಅಂತ ಅವರಿಗೆ ಅನಿಸಿತು. ನೀನು ನಕ್ಕವರ ಪಕ್ಕ ಕೂತು ಬರೆದಿದ್ದೀಯ. ಎದ್ದು ಈ ಕಡೆ ಬಾ.

ಈಗ ಅವನ ತಪ್ಪಿನ ಭಾಗಕ್ಕೆ ಬರೋಣ. ಇಲ್ಲಿ ನೀನು ಒಂಚೂರೂ ಮೆತ್ತಗಾಗಬಾರದು. ಜನರನ್ನು ಗೌರವಿಸುವುದು ಬೇರೆ, ಅವರು ಆರಿಸಿದವನನ್ನು ಬಿಟ್ಟುಬಿಡುವುದು ಬೇರೆ.

2000ದ ಅಕ್ಟೋಬರ್‌ನಲ್ಲಿ ಇಲೊಕೋಸ್ ಸುರ್ ಪ್ರಾಂತ್ಯದ ಗವರ್ನರ್ ಚವಿಟ್ ಸಿಂಗ್ಸನ್, ಅಧ್ಯಕ್ಷನ ಕುಡಿತದ, ಜೂಜಿನ ಜೊತೆಗಾರ, ತಾನೇ ಹ್ವೆತೆಂಗ್ ಹಣವನ್ನು ಅವನಿಗೆ ತಲುಪಿಸುತ್ತಿದ್ದೆ ಅಂತ ಬಾಯಿಬಿಟ್ಟ. ನೀನು ಇದನ್ನು 'ಅಕ್ರಮ ಜೂಜು' ಅಂತ ಬರೆದು ಮುಂದೆ ಹೋಗಿದ್ದೀಯ. ನಿಲ್ಲು. ಹ್ವೆತೆಂಗ್ ಅಂದರೆ ನಮ್ಮ ಮಟ್ಕಾದಂಥ ಆಟ. 1ರಿಂದ 37ರವರೆಗಿನ ಅಂಕಿಗಳಲ್ಲಿ ಎರಡನ್ನು ಹೇಳಿ ಕಾಸು ಕಟ್ಟುವುದು. ಕಾಸು ವಸೂಲಿ ಮಾಡುವವನು ಮನೆಮನೆಗೆ ಬರುತ್ತಾನೆ. ಒಂದು ಪೆಸೊ ಇದ್ದರೂ ಸಾಕು, ಬರೆದುಕೊಳ್ಳುತ್ತಾನೆ. ಆಡುವವರು ಯಾರು? ಬಟ್ಟೆ ಒಗೆಯುವವರು, ಮೀನು ಮಾರುವವರು, ಕೂಲಿಗಳು. ಆ ಚಿಲ್ಲರೆ ಕಾಸು ಸೇರಿ ಸೇರಿ ಮೇಲಕ್ಕೆ ಹೋಗುತ್ತದೆ. ಪೊಲೀಸ್, ಮೇಯರ್, ಗವರ್ನರ್ ದಾಟಿ, ಕೋರ್ಟು ಆಮೇಲೆ ಹೇಳಿದಂತೆ, ಅಧ್ಯಕ್ಷನವರೆಗೆ ಹೋಯಿತು. ಆ ಬಾಬ್ತಿನಲ್ಲೇ 54 ಕೋಟಿ ಪೆಸೊಗಿಂತ ಜಾಸ್ತಿ. ಇನ್ನೊಂದು ಬಾಬ್ತು ನೋಡು. ಸರಕಾರಿ ನೌಕರರ ಮತ್ತು ಖಾಸಗಿ ಕೆಲಸಗಾರರ ಪಿಂಚಣಿ ನಿಧಿಗಳಿಂದ ಒಂದು ಜೂಜಿನ ಕಂಪನಿಯ ಷೇರು ಕೊಡಿಸಿ ಅದರಲ್ಲಿ ಸುಮಾರು 19 ಕೋಟಿ ಪೆಸೊ ಕಮಿಷನ್. ಬಡವರಿಗಾಗಿ ಎರಾಪ್ ಅಂತ ಘೋಷಣೆ ಕೂಗಿ ಗೆದ್ದವನು, ಅದೇ ಬಡವರ ಕಾಸನ್ನೇ ತಿಂದ. ನಿನ್ನ ಪುಸ್ತಕದ ನಡುಮನೆ ಇದು. ಅವನ ಹೆಂಗಸರು, ಅವನ ಕುಡಿತ, ಈಜುಕೊಳದ ಬಂಗಲೆ, ಇದಕ್ಕೆಲ್ಲ ನೀನು ಹದಿನೈದು ಪುಟ ಕೊಟ್ಟಿದ್ದೀಯ. ಮೂರು ಸಾಕು.

ವಿಚಾರಣೆಯ ಭಾಗದಲ್ಲಿ ದಯವಿಟ್ಟು ನಿಧಾನಿಸು. 2000ದ ನವೆಂಬರ್ 13ರಂದು ಕೆಳಮನೆ ವಾಗ್ದಂಡನೆ ಹೊರಿಸಿತು. ಡಿಸೆಂಬರ್ 7ರಿಂದ ಸೆನೆಟ್‌ನಲ್ಲಿ ವಿಚಾರಣೆ. ಇಡೀ ದೇಶ ಟಿವಿ ಮುಂದೆ ಕೂತಿತ್ತು. ನೂರು ಸಾಕ್ಷಿಗಳನ್ನು ಪಟ್ಟಿ ಮಾಡುವ ಬದಲು ಒಬ್ಬಳನ್ನು ಹಿಡಿ. ಕ್ಲಾರಿಸ್ಸಾ ಒಕಾಂಪೊ. ಬ್ಯಾಂಕಿನ ದೊಡ್ಡ ಅಧಿಕಾರಿ, ಸಿನಿಮಾಕ್ಕೂ ರಾಜಕೀಯಕ್ಕೂ ಸಂಬಂಧ ಇಲ್ಲದ ಹೆಂಗಸು. 50 ಕೋಟಿ ಪೆಸೊ ವ್ಯವಹಾರದ ಕಾಗದಗಳನ್ನು ಅರಮನೆಗೆ ತೆಗೆದುಕೊಂಡು ಹೋಗಿದ್ದವರಲ್ಲಿ ಆಕೆ ಒಬ್ಬಳು. ದೇಶದ ಅಧ್ಯಕ್ಷ ಆಕೆಯ ಕಣ್ಣೆದುರೇ ಪೆನ್ನು ತೆಗೆದು ಹೊಸೆ ವೆಲಾರ್ಡೆ ಅನ್ನುವ ಸುಳ್ಳು ಹೆಸರಿನಲ್ಲಿ ಸಹಿ ಹಾಕಿದ. ಎಷ್ಟು ದೂರದಲ್ಲಿದ್ದೆ ಅಂತ ಕೇಳಿದಾಗ ಒಂದೇ ಒಂದು ಅಡಿ ಅಂದಳು. ಇದಕ್ಕೆ ನೀನು ಒಂದೂ ವಿಶೇಷಣ ಸೇರಿಸಬೇಡ. ಒಂದು ಅಡಿ ಅನ್ನುವುದೇ ಸಾಕು. ಸಹಿ ತನ್ನದೇ ಅಂತ ಎಸ್ಟ್ರಾಡಾ ಕೂಡ ಆಮೇಲೆ ಒಪ್ಪಿಕೊಂಡ, ಸ್ನೇಹಿತನ ಸಾಲಕ್ಕೆ ಹಾಕಿದ್ದು ಅಂದ. ಅವನ ಆ ಮಾತನ್ನೂ ಪಕ್ಕದಲ್ಲೇ ಇಡು.

2001ರ ಜನವರಿ 16ರ ರಾತ್ರಿ ಬ್ಯಾಂಕ್ ದಾಖಲೆ ಇದ್ದ ಲಕೋಟೆಯನ್ನು ತೆರೆಯುವುದು ಬೇಡ ಅಂತ 11-10 ಮತದಲ್ಲಿ ಸೆನೆಟರ್‌ಗಳು ತೀರ್ಮಾನಿಸಿದರು. ಅವತ್ತೇ ರಾತ್ರಿ ಮೊಬೈಲ್ ಸಂದೇಶ ಹರಿದಾಡಿ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಜನ ಸೇರತೊಡಗಿದರು. ಸೇನೆ ಕೈಬಿಟ್ಟಿತು. 20ರಂದು ಉಪಾಧ್ಯಕ್ಷೆ ಗ್ಲೋರಿಯಾ ಅರೋಯೊ ಅಧ್ಯಕ್ಷೆಯಾಗಿ ಪ್ರಮಾಣ ವಚನ ತೆಗೆದುಕೊಂಡರು, ಎಸ್ಟ್ರಾಡಾ ಅರಮನೆ ಹಿಂದಿನ ಪಾಸಿಗ್ ನದಿಯಲ್ಲಿ ದೋಣಿ ಹತ್ತಿ ಹೋದ. ಇದನ್ನು ನೀನು ಚೆನ್ನಾಗಿ ಬರೆದಿದ್ದೀಯ. ಒಂದು ಮಾತ್ರ ಸೇರಿಸಿಕೋ. ಅವನು ರಾಜೀನಾಮೆ ಪತ್ರ ಬರೆದುಕೊಟ್ಟಿರಲಿಲ್ಲ. ಆದರೂ ರಾಜೀನಾಮೆ ಕೊಟ್ಟ ಹಾಗೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಮುಖ್ಯವಾಗಿ ಆಧರಿಸಿದ್ದು ಅವನ ಆಪ್ತ ಎಡ್ಗಾರ್ಡೊ ಅಂಗಾರಾ ಬರೆದಿಟ್ಟ ದಿನಚರಿ. ತುಂಬಾ ಸುಸ್ತಾಗಿದೆ, ಇನ್ನು ಬೇಡ, ಬಹಳ ನೋವಾಗುತ್ತಿದೆ ಅಂತ ಅವನು ಆ ಕೊನೆಯ ಗಂಟೆಗಳಲ್ಲಿ ಹೇಳಿದ್ದು ಅದರಲ್ಲಿದೆ. ಆ ದಿನಚರಿ ಪತ್ರಿಕೆಯಲ್ಲಿ ಬಂದಿದೆ, ತೀರ್ಪಿನಲ್ಲೂ ಇದೆ. ಹುಡುಕಿ ಓದು.

ಇನ್ನು ನಿನ್ನ ಯೋಜನೆಯಲ್ಲೇ ಇಲ್ಲದ ಒಂದು ಅಧ್ಯಾಯ. ಇದು ಇಲ್ಲದೆ ಪುಸ್ತಕ ಅಚ್ಚಿಗೆ ಹೋಗಬಾರದು.

ಏಪ್ರಿಲ್ 25ರಂದು ಎಸ್ಟ್ರಾಡಾನನ್ನು ಬಂಧಿಸಿದರು. ಎಲ್ಲ ಕೈದಿಗಳಿಗೆ ಮಾಡುವ ಹಾಗೆ ಫೋಟೋ ತೆಗೆದರು, ಬೆರಳಚ್ಚು ತೆಗೆದುಕೊಂಡರು. ಅದು ಟಿವಿಯಲ್ಲಿ ಬಂತು. ಕೊಳೆಗೇರಿಗಳಿಂದ ಜನ ಹೊರಟು ಬಂದರು. ಮೂರು ತಿಂಗಳ ಹಿಂದೆ ಮಧ್ಯಮ ವರ್ಗದವರು ನಿಂತಿದ್ದ ಅದೇ ಎಡ್ಸಾದಲ್ಲಿ, ಈ ಸಲ ಚಪ್ಪಲಿ ಹಾಕಿಕೊಂಡ, ಬೆವರಿದ ಜನ. ಮೊದಲ ಗುಂಪನ್ನು ಜನಶಕ್ತಿ ಅಂತ ಜಗತ್ತೇ ಕೊಂಡಾಡಿತ್ತು. ಈ ಗುಂಪನ್ನು ಓದಿದವರು ಕೊಳಕರು, ಹಲ್ಲಿಲ್ಲದವರು, ದುಡ್ಡಿಗೆ ಬಂದವರು ಅಂತ ಆಡಿಕೊಂಡರು. ವೇದಿಕೆಯ ಮೇಲೆ ನಿಂತು ಅವರನ್ನು ಕೆರಳಿಸಿದ ರಾಜಕಾರಣಿಗಳು ಹೊತ್ತಿಗೆ ಸರಿಯಾಗಿ ಮಾಯವಾದರು. ಮೇ 1ರ ಬೆಳಗಿನ ಜಾವ ಗುಂಪು ಅರಮನೆಗೆ ನುಗ್ಗಿತು. ಕಲ್ಲು, ಬೆಂಕಿ, ಗುಂಡು. ಜನ ಸತ್ತರು. ಸತ್ತವರಲ್ಲಿ ಯಾರೂ ದೊಡ್ಡವರ ಮಕ್ಕಳಲ್ಲ.

ತಂಗಿ, ಆ ಜನ ಯಾಕೆ ಬಂದರು ಅಂತ ನೀನು ಕೇಳಬೇಕು. ಅವನು ತಿಂದಿಲ್ಲ ಅಂತ ನಂಬಿ ಬಂದವರು ಇದ್ದರು. ಎಲ್ಲರೂ ತಿಂದಿದ್ದಾರೆ, ಜೈಲು ಮಾತ್ರ ನಮ್ಮವನಿಗೆ ಯಾಕೆ ಅಂತ ಬಂದವರೂ ಇದ್ದರು. ನಾವು ವೋಟು ಹಾಕಿ ಕೂರಿಸಿದವನನ್ನು ನಮ್ಮನ್ನು ಕೇಳದೆ ಇಳಿಸಿದರು ಅನ್ನುವ ಸಿಟ್ಟೂ ಇತ್ತು. ಈ ಕೊನೆಯ ಸಿಟ್ಟಿನಲ್ಲಿ ನ್ಯಾಯ ಇದೆ ಅಂತ ನನಗೆ ಅನಿಸುತ್ತದೆ. ಅವನು ಕದ್ದದ್ದೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಬರೆಯೋಕೆ ನಿನಗೆ ಬರಬೇಕು.

ಅವನ ಆಡಳಿತದ ಬಗ್ಗೆ ಬರೆಯುವಾಗ ದುಡ್ಡಿನ ಕಥೆಯಲ್ಲೇ ಮುಳುಗಬೇಡ. 1999ರ ಫೆಬ್ರವರಿಯಲ್ಲಿ ಅನೇಕ ವರ್ಷಗಳ ನಂತರ ಆ ದೇಶದಲ್ಲಿ ಮರಣದಂಡನೆ ಜಾರಿಯಾಯಿತು. 2000ದಲ್ಲಿ ದಕ್ಷಿಣದ ಮಿಂಡನಾವೊ ದ್ವೀಪದ ಮುಸ್ಲಿಂ ಬಂಡುಕೋರರ ಮೇಲೆ ಪೂರ್ಣ ಯುದ್ಧ ಸಾರಿದ. ಜುಲೈನಲ್ಲಿ ಅವರ ಅಬೂಬಕರ್ ಶಿಬಿರ ಸೇನೆಯ ವಶವಾಯಿತು. ಅಲ್ಲಿಗೆ ಹೋಗಿ ಸೈನಿಕರಿಗೆ ಹುರಿದ ಹಂದಿ, ಬಿಯರ್ ಹಂಚಿದ. ಮನೆ ಬಿಟ್ಟು ಓಡಿಹೋದ ಸಾವಿರಾರು ಕುಟುಂಬಗಳೂ ಬಡವರೇ ಅಲ್ವಾ? ತೆರೆಯ ಮೇಲೆ ಬಂದೂಕು ಹಿಡಿದು ಗೆಲ್ಲುವುದಕ್ಕೂ ಇದಕ್ಕೂ ಇರುವ ನಂಟನ್ನು ನೀನು ಯೋಚಿಸು.

'ಫಿಲಿಪೀನ್ಸ್‌ನ ಎಂಜಿಆರ್' ಅನ್ನುವ ಉಪಶೀರ್ಷಿಕೆ ತೆಗೆದುಬಿಡು. ಕನ್ನಡದ ಓದುಗರಿಗೆ ಬೇಗ ಹತ್ತಿರವಾಗಲಿ ಅಂತ ಹಾಕಿದ್ದೀಯ, ಗೊತ್ತು. ಎಂಜಿಆರ್ ಹಿಂದೆ ಒಂದು ದ್ರಾವಿಡ ಚಳವಳಿ ಇತ್ತು, ಕಟ್ಟಿದ ಪಕ್ಷ ಇತ್ತು. ಎಸ್ಟ್ರಾಡಾ ಹಿಂದೆ ಅಂಥದ್ದು ಇರಲಿಲ್ಲ. ಸ್ನೇಹಿತರಿದ್ದರು, ಅಭಿಮಾನಿಗಳಿದ್ದರು. ಬಿದ್ದಾಗ ಹಿಡಿಯೋಕೆ ಪಕ್ಷ ಇಲ್ಲದ್ದು ಅದಕ್ಕೇ. ಹೋಲಿಸಲೇಬೇಕು ಅಂದರೆ ಅಲ್ಲೇ ಇರುವ ಅವನ ಗೆಳೆಯ ಫರ್ನಾಂಡೊ ಪೋ ಜೂನಿಯರ್‌ನನ್ನು ನೋಡು. ಎಸ್ಟ್ರಾಡಾಗಿಂತ ದೊಡ್ಡ ತಾರೆ. 2004ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಅರೋಯೊ ಎದುರು ಸೋತ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ. ಬರೀ ತಾರಾಪಟ್ಟದಿಂದ ಗೆಲುವು ಬರುವುದಾಗಿದ್ದರೆ ಅವನು ಗೆಲ್ಲಬೇಕಿತ್ತು.

ಕೊನೆಯ ಅಧ್ಯಾಯವನ್ನು ನೀನು 2007ಕ್ಕೇ ಮುಗಿಸಬೇಕು ಅಂತಿದ್ದೀಯ. ಸೆಪ್ಟೆಂಬರ್ 12ರಂದು ಜೀವಾವಧಿ ಶಿಕ್ಷೆ, ಅಕ್ಟೋಬರ್‌ನಲ್ಲಿ ಅರೋಯೊ ಕೊಟ್ಟ ಕ್ಷಮಾದಾನ. ಅಲ್ಲಿಗೆ ನಿಲ್ಲಿಸಬೇಡ. 2010ರಲ್ಲಿ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಂತು ಎರಡನೆಯವನಾಗಿ ಬಂದ, ನಾಲ್ಕರಲ್ಲಿ ಒಂದು ಪಾಲು ಮತ ಅವನದೇ. 2013ರಲ್ಲಿ ಮನಿಲಾದ ಮೇಯರ್ ಆದ, 2016ರಲ್ಲಿ ಸ್ವಲ್ಪದರಲ್ಲೇ ಉಳಿದುಕೊಂಡ. 2019ರಲ್ಲಿ ಅವನನ್ನು ಸೋಲಿಸಿದ್ದು ಇಸ್ಕೊ ಮೊರೆನೊ. ಟೊಂಡೊದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಕಸ ಆರಿಸಿ, ಸೈಕಲ್ ರಿಕ್ಷಾ ತುಳಿದು, ಆಮೇಲೆ ಟಿವಿ, ಸಿನಿಮಾ ನಟನಾದವನು. ಎಸ್ಟ್ರಾಡಾ ಕೈಕೆಳಗೇ ಉಪಮೇಯರ್ ಆಗಿದ್ದವನು. ಅವತ್ತು ಟೊಂಡೊದವರು ಯಾಕೆ ಮನಸ್ಸು ಬದಲಿಸಿದರು ಅನ್ನುವುದು ನಿನ್ನ ಮುಂದಿನ ಕೆಲಸ. ಆಗಿನ ಮನಿಲಾದ ಪತ್ರಿಕೆಗಳಲ್ಲಿ ಮಾರುಕಟ್ಟೆ, ಕಸ, ಬೀದಿ ವ್ಯಾಪಾರದ ಸುದ್ದಿಗಳನ್ನು ಓದಲು ಶುರು ಮಾಡು. ಸಿನಿಮಾ ಪುಟ ಆಮೇಲೆ ನೋಡಿದರಾಯಿತು. ಎಡ್ಸಾದ ಎರಡನೇ ಗುಂಪಿನ ಅಧ್ಯಾಯ ಮೊದಲು ಬರೆದು ಕಳಿಸು, ಉಳಿದದ್ದನ್ನು ಅದಾದ ಮೇಲೆ ತಿದ್ದೋಣ.

ಪ್ರೀತಿಯಿಂದ,
ನಿನ್ನ ಅಕ್ಕ