ಪುಸ್ತಕ ಮುಚ್ಚಿ ಹೇಳಲಿ

ಮಾನ್ಯರೇ,

ನಾನು ಮಂಗಳೂರಿನಲ್ಲಿ ಪದವಿ ತರಗತಿಗೆ ಪಾಠ ಮಾಡುವವಳು. ಕಳೆದ ವಾರ ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಬಾಗಿಲಿನ ಬಗ್ಗೆ ಒಂದು ಪುಟ ಓದಲು ಕೊಟ್ಟೆ. ಒಬ್ಬಳು ಎಲ್ಲೂ ತಡವರಿಸದೆ ಓದಿದಳು. ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬರುವುದು ಯಾಕೆ ಎಂದು ಕೇಳಿದರೆ ಸುಮ್ನೆ ನಿಂತಳು. ಪುಟದ ತುಂಬಾ ಹಳದಿ ಗೆರೆ ಮಾತ್ರ ಜೋರಾಗಿತ್ತು!

"ಪುಸ್ತಕ ಮುಚ್ಚು, ತುಳುವಿನಲ್ಲಿ ಹೇಳು" ಎಂದೆ. ಹೊಳೆಯಲ್ಲಿ ನೀರು ಕಮ್ಮಿಯಾದಾಗ ಕಡಲಿನ ನೀರು ಮೇಲಕ್ಕೆ ಏರುತ್ತದೆ, ಅಜ್ಜಿಮನೆಯ ಬಾವಿಯೂ ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆ ಎಂದು ಪಟಪಟನೆ ಹೇಳಿದಳು. ಅರ್ಥ ಆಗಿತ್ತು, ಅಲ್ವಾ?

ಪರೀಕ್ಷೆಗೆ ನೋಟ್ಸ್ ಬಾಯಿಪಾಠ ಮಾಡಿದರೆ ಸಾಕಾಗುತ್ತದೆ. (ಬರೆಸಿದವಳು ನಾನೇ, ಒಪ್ಪಿಕೊಳ್ಳುತ್ತೇನೆ.) ವಾರಕ್ಕೊಂದು ಪೀರಿಯಡ್ ಆದರೂ ನೋಟ್ಸ್ ಬದಿಗಿಟ್ಟು, ಓದಿದ್ದನ್ನು ಸ್ವಂತ ಮಾತಲ್ಲಿ ಹೇಳಿಸಲು ಕಾಲೇಜುಗಳು ಬಿಡಲಿ.

– ಕಾಲೇಜು ಉಪನ್ಯಾಸಕಿ, ಮಂಗಳೂರು